ಜೊಂಡಿನಾಚೆಗೆ ಒಂದು ದಾರ

ನಮ್ಮ ಊರಿನಲ್ಲಿ ಮನೆಗಳು ಸರಿಯುತ್ತವೆ. ಅದಕ್ಕೇ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಹಗ್ಗ. ಹೊಸದಾಗಿ ಬಂದ ನೆಂಟರು ಅದನ್ನು ಬಟ್ಟೆ ಒಣಹಾಕುವ ಹಗ್ಗವೆಂದುಕೊಂಡು ಒದ್ದೆ ಪಂಚೆ ಹರವಿ ಬೈಸಿಕೊಳ್ಳುವುದುಂಟು. ಹಗ್ಗ ಬಿಗಿಯಾಗಿದ್ದರೆ ಮನೆ ಗೇಣುದ್ದ ಆಚೆ, ಗೇಣುದ್ದ ಈಚೆ ಆಗಿ ನಿಂತುಕೊಳ್ಳುತ್ತದೆ. ಸಡಿಲಾಯಿತೋ, ಬೆಳಿಗ್ಗೆ ಹಾಲಿನವನು ಯಾರದೋ ಹಾಲನ್ನು ಯಾರದೋ ಬಾಗಿಲಿಗೆ ಇಟ್ಟು ಹೋಗುತ್ತಾನೆ. ಸಿಕ್ಕವರು ಸುಮ್ಮನೆ ಕಾಯಿಸಿ ಕುಡಿಯುತ್ತಾರೆ. ಲಗ್ನಪತ್ರಿಕೆಯಲ್ಲಿ ವಿಳಾಸದ ಮುಂದೆ ‘ಸದ್ಯಕ್ಕೆ’ ಎಂದು ಅಚ್ಚು ಹಾಕಿಸುವುದು ನಮ್ಮಲ್ಲಿ ಮರ್ಯಾದೆ. ಊರಿನ ನಕ್ಷೆ ಬರೆಯಲು ಬಂದಿದ್ದ ಸಾಹೇಬರೊಬ್ಬರು ಒಂದು ರಾತ್ರಿ ಮಲಗಿ ಎದ್ದು ತಲೆಸುತ್ತು ಎಂದು ಹೇಳಿ ಹೊರಟುಹೋದರು.

ಹಗ್ಗಕ್ಕೆ ಒಂದು ಕಟ್ಟಳೆಯಿದೆ. ಎರಡು ತುದಿಯ ಗಂಟನ್ನೂ ಆಯಾ ಮನೆಯವರೇ ಹಾಕಬೇಕು. ಬೇರೆಯವರು ಹಾಕಿದರೆ, ಎಷ್ಟೇ ಗಟ್ಟಿ ಕೈಯಾಗಿರಲಿ, ಗಂಟು ನೋಡನೋಡುತ್ತಿದ್ದಂತೆ ಜಾರಿಬಿಡುತ್ತದೆ. ಯಾರ ಹಗ್ಗವೂ ಇಲ್ಲದ ಮನೆ ತನ್ನಷ್ಟಕ್ಕೆ ಎತ್ತಲೋ ಹೊರಟುಬಿಡುತ್ತದೆ. ಅದಕ್ಕೆ ಬೀದಿಯ ಒಂದು ಮನೆಯಿಂದ ಹಗ್ಗ ಮುಟ್ಟಿಸಿದರೆ ಮೆಲ್ಲಗೆ ವಾಪಸು ಬರುತ್ತದೆ. ನೀರು, ಕೆಸರು ಅವಕ್ಕೆ ಲೆಕ್ಕವಿಲ್ಲ. ಮನುಷ್ಯರ ಕಾಲು ಹೂಳುವ ಕಡೆಯೂ ಮನೆ ಹೂಳುವುದಿಲ್ಲ. ಎರಡು ಮನೆಗಳಿಗೆ ಪರಸ್ಪರರ ಹಗ್ಗ ಬಿಟ್ಟು ಬೇರೆ ಹಗ್ಗವೇ ಇಲ್ಲವೆಂದರೆ ಎರಡೂ ಒಂದರ ಕಡೆಗೊಂದು ನಡೆದು, ಗೋಡೆಗೆ ಗೋಡೆ ತಾಗಿದ ಮೇಲೇ ನಿಲ್ಲುವುದು. ಬೇರೆ ಊರುಗಳಲ್ಲಿ ಯಾರ ಮೇಲಾದರೂ ಸಿಟ್ಟು ಬಂದರೆ ನೀರು ಬೆಂಕಿ ಕೊಡುವುದನ್ನು ನಿಲ್ಲಿಸುತ್ತಾರಂತೆ. ನಮ್ಮಲ್ಲಿ ಹಗ್ಗ ಬಿಚ್ಚುತ್ತಾರೆ.

ಅಂಬಕ್ಕನ ಮನೆಯ ಹಗ್ಗವನ್ನು ಹಾಗೇ ಬಿಚ್ಚಿದರು. ನಮ್ಮ ಹಿತ್ತಿಲಿನ ಆಚೆಗೆ, ಜೊಂಡು ಬೆಳೆದ ಜೌಗಿನ ಅಂಚಿನಲ್ಲಿ ಆ ಮನೆ ಇತ್ತು. ಅದಕ್ಕೆ ನಮ್ಮದೊಂದು ಹಗ್ಗ, ಬೀದಿಯ ಯಜಮಾನ ಕೊಟ್ರಪ್ಪನವರದೊಂದು ಹಗ್ಗ. ಅಂಬಕ್ಕ ತನ್ನ ಒಬ್ಬಳೇ ಮಗಳು ತುಂಗೆಯನ್ನು ಚೆಲುವರಾಜ ಎಂಬ ಹುಡುಗನಿಗೆ ಕೊಟ್ಟು, ಅವನನ್ನು ಮನೆಯಲ್ಲೇ ಇಟ್ಟುಕೊಂಡಳು. ಹುಡುಗ ಒಳ್ಳೆಯವನು, ದುಡಿಯುವವನು. ತಪ್ಪು ಒಂದೇ: ಅವನು ಮನೆಗಳು ನಿಂತಲ್ಲೇ ನಿಲ್ಲುವ ಊರಿನವನು. “ಹಗ್ಗ ಅಂದ್ರೆ ದನ ಕಟ್ಟೋಕೆ ಅಂದ್ಕೊಂಡಿರೋನು ಅವನು. ಅವನ ಗಂಟು ನಿಲ್ಲುತ್ತಾ? ಇವತ್ತು ಆ ಮನೆ ಜಾರಿದ್ರೆ ನಾಳೆ ಅದರ ಹಿಂದೆ ನಮ್ಮ ಮನೆಗಳೂ ಜಾರ್ತವೆ” ಎಂದು ಕೊಟ್ರಪ್ಪ ಪಂಚಾಯ್ತಿ ಸೇರಿಸಿದರು. ಹುಡುಗನಿಗೆ ಒಂದು ಗಂಟು ಹಾಕಲು ಕೊಟ್ಟು ನೋಡೋಣ ಎನ್ನುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಕೊಟ್ರಪ್ಪ ತಮ್ಮ ತುದಿ ಬಿಚ್ಚಿದರು. ನಮ್ಮ ತುದಿಯನ್ನು ಬಿಚ್ಚಿದವನು ನನ್ನ ಗಂಡ ರೇವಣ್ಣ.

ನಾನು ಆಗ ಪರವೂರಿನ ಮದುವೆಯೊಂದಕ್ಕೆ ಫೋಟೊ ತೆಗೆಯಲು ಹೋಗಿದ್ದೆ. ಬಂದು ನೋಡಿದರೆ ಹಿತ್ತಿಲಿನ ಆಚೆಗೆ ಬಯಲು. ಅಂಬಕ್ಕನ ಹೆಂಚಿನ ಮನೆ ಜೊಂಡನ್ನೆಲ್ಲ ದಾಟಿ ಆಚೆಯ ಮಣ್ಣುದಿಬ್ಬಕ್ಕೆ ಆತುಕೊಂಡು ನಿಂತಿತ್ತು. ದಿಬ್ಬದ ಸುತ್ತ ನಾಲ್ಕೂ ಕಡೆ ಜೌಗು. ನಡೆದು ಹೋಗುವ ಹಾಗಿಲ್ಲ, ಜೊಂಡಿನಲ್ಲಿ ದೋಣಿ ನುಗ್ಗುವುದಿಲ್ಲ. “ಬೀದಿಯೋರೆಲ್ಲ ಬಂದು ಎದುರಿಗೆ ನಿಂತ್ರು ಕಣೇ, ನಾನೊಬ್ಬ ಏನ್ ಮಾಡ್ಲಿ?” ಎಂದ ರೇವಣ್ಣ. ಒಳ್ಳೆಯ ಮನುಷ್ಯನೇ, ಆದರೆ ನಾಲ್ಕು ಜನ ಜೋರಾಗಿ ಕೆಮ್ಮಿದರೆ ತನ್ನದೇ ತಪ್ಪೆಂದು ಒಪ್ಪಿಕೊಳ್ಳುವ ಒಳ್ಳೆಯತನ. ಅವತ್ತಿನಿಂದ ನನಗೆ ಅವನ ಮೇಲಿದ್ದ ಸಿಟ್ಟು ಅನ್ನ ಬಡಿಸುವಾಗಲೂ ಸೌಟಿನಲ್ಲಿ ಸದ್ದು ಮಾಡುತ್ತಿತ್ತು.

ನನ್ನ ಹತ್ತಿರ ಒಂದು ಸಣ್ಣ ಡ್ರೋನ್ ಇದೆ. ಮದುವೆಮನೆಯವರಿಗೆ ಈಗ ಮೇಲಿನಿಂದ ತೆಗೆದ ಚಿತ್ರವಿಲ್ಲದಿದ್ದರೆ ತಾಳಿ ಕಟ್ಟಿದ ಸಮಾಧಾನವಾಗುವುದಿಲ್ಲ. ಅಂಗೈಯಗಲದ ಯಂತ್ರ, ನಾಲ್ಕು ರೆಕ್ಕೆ, ಹೊಟ್ಟೆಯ ಕೆಳಗೆ ಕ್ಯಾಮೆರಾ. ನನ್ನ ಅತ್ತೆ ಅದನ್ನು ದುಂಬಿ ಎನ್ನುತ್ತಾರೆ. ಅದಕ್ಕೆ ಹೊರಟ ಜಾಗವನ್ನು ನೆನಪಿಟ್ಟುಕೊಂಡು, ಬ್ಯಾಟರಿ ಕಡಿಮೆಯಾದಾಗ ತಾನೇ ಅಲ್ಲಿಗೆ ಮರಳಿ ಇಳಿಯುವ ಗುಣವಿದೆ. ಬೇರೆ ಊರಿನಲ್ಲಿ ಅದು ದೊಡ್ಡ ಅನುಕೂಲ. ನಮ್ಮಲ್ಲಿ ಮೊದಲು ಆಫ್ ಮಾಡಬೇಕಾದದ್ದೇ ಅದನ್ನು. ನನ್ನ ಮೊದಲನೆಯ ಡ್ರೋನು ನಮ್ಮ ತಾರಸಿಯಿಂದ ಹೊರಟು, ಅದು ಮೇಲಿದ್ದಷ್ಟು ಹೊತ್ತಿನಲ್ಲೇ ಮನೆ ಪಕ್ಕಕ್ಕೆ ಸರಿದು, ಪ್ರಾಮಾಣಿಕವಾಗಿ ಹೊರಟ ಜಾಗಕ್ಕೇ ಇಳಿಯಲು ಹೋಗಿ ಬಾವಿಗೆ ಬಿತ್ತು. ಅಂದಿನಿಂದ ನಾನು ಅದನ್ನು ನೆಲಕ್ಕೂ ಇಳಿಸುವುದಿಲ್ಲ, ತಾರಸಿಗೂ ಇಳಿಸುವುದಿಲ್ಲ. ಕೈಗೇ ಇಳಿಸಿಕೊಳ್ಳುತ್ತೇನೆ.

ಹಗ್ಗ ಬಿಚ್ಚಿದ ಹೊಸತರಲ್ಲಿ ಒಮ್ಮೆ ದಿಬ್ಬದ ಕಡೆಗೆ ಅದನ್ನು ಕಳಿಸಿದ್ದೆ. ಅಂಬಕ್ಕ ಪೊರಕೆ ಎತ್ತಿ ಬೀಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಈ ಬೀದಿಯಿಂದ ಹೋಗುವ ಯಾವುದರ ಮೇಲೂ ಅವಳಿಗೆ ನಂಬಿಕೆ ಉಳಿದಿರಲಿಲ್ಲ.

ಅವತ್ತು ಬೆಳಗಿನ ಕಾಫಿಯ ಹೊತ್ತಿಗೆ ಅತ್ತೆ ತಾರಸಿಯಿಂದ ಕೂಗಿದರು. “ಇಂದೂ, ಬಾ ಇಲ್ಲಿ. ಅಂಬಕ್ಕನ ಮನೆ ಮಾಡಿಗೆ ಬಿಳಿ ಬಟ್ಟೆ ಕಟ್ಟವ್ರೆ.”

ನಮ್ಮಲ್ಲಿ ಹೆರಿಗೆಯ ಬೇನೆ ಶುರುವಾದರೆ ಮಾಡಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಸೂಲಗಿತ್ತಿ ಕಂಡು ಬರಬೇಕು. ಊರಿನ ಸೂಲಗಿತ್ತಿ ಎಂದರೆ ನನ್ನ ಅತ್ತೆ ಪುಟ್ಟತಾಯಮ್ಮ. ಬೀದಿಯಲ್ಲಿ ಅರ್ಧ ಜನ ಮೊದಲು ನೋಡಿದ್ದು ಇವರ ಮುಖವನ್ನೇ. ಹಗ್ಗ ಬಿಚ್ಚುವ ಮೊದಲು ಬಸುರಿ ತುಂಗೆಯ ಹೊಟ್ಟೆ ಹಿಡಿದು ನೋಡಿದ್ದವರು ಅವರೇ. “ಮಗು ಅಡ್ಡ ಕೂತದೆ. ನನ್ನ ಕೈ ಬೇಕು ಅದಕ್ಕೆ. ಅಂಬಕ್ಕನಿಂದ ಆಗಲ್ಲ” ಎಂದರು. ಬಿಳಿ ಬಟ್ಟೆ ಯಾರೂ ಬರಲಾರದ ಕಡೆಯಲ್ಲಿ ಹಾರಾಡುತ್ತಿತ್ತು. ಬರಲಾರರೆಂದು ಗೊತ್ತಿದ್ದೂ ಕಟ್ಟಿದ್ದರು.

“ಮನೆನ ವಾಪಸ್ ತರಿಸ್ತೀನಿ ಅತ್ತೆ” ಎಂದೆ. “ದುಂಬಿ ಕೈಲಿ ದಾರ ಕಳಿಸ್ತೀನಿ. ದಾರದ ಹಿಂದೆ ಹುರಿ, ಹುರಿ ಹಿಂದೆ ಹಗ್ಗ.”

“ಅವಳು ಪೊರಕೆ ಎತ್ತಿದ್ರೆ?”

ಅತ್ತೆ ತಾವೇ ಒಳಗೆ ಹೋಗಿ ತಮ್ಮ ಕೆಂಪು ಚೌಕಳಿಯ ವಸ್ತ್ರ ತಂದರು. ಹೆರಿಗೆಗೆ ಹೋಗುವಾಗ ಮಾತ್ರ ತಲೆಗೆ ಕಟ್ಟುವ ವಸ್ತ್ರ. ಊರಿನ ಹೆಂಗಸರೆಲ್ಲ ಅದನ್ನು ದೂರದಿಂದಲೇ ಗುರುತಿಸುತ್ತಾರೆ. ಅಂಚಿನಿಂದ ಪರ್ರನೆ ಒಂದು ಪಟ್ಟಿ ಹರಿದು ನನ್ನ ಕೈಗೆ ಕೊಟ್ಟರು. “ಇದನ್ನ ಕಟ್ಟಿ ಕಳಿಸು. ಹಗ್ಗ ಬೀದಿದಲ್ಲ, ನಂದು ಅಂತ ತಿಳ್ಕೊಳ್ತಾಳೆ. ಸೂಲಗಿತ್ತಿಗೆ ಬೀದಿ ಇಲ್ಲ.”

ರೇವಣ್ಣ ಮೆಟ್ಟಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ನಾನು ಏನೂ ಹೇಳದಿದ್ದರೂ ಅಟ್ಟದಿಂದ ಮೀನಿನ ಗಾಳದ ತೆಳು ನೈಲಾನ್ ದಾರದ ಉಂಡೆ ಇಳಿಸಿದ. ಹುರಿ ತಂದ, ನೂಲಿನ ದಪ್ಪ ಹಗ್ಗ ತಂದ, ಒಂದರ ತುದಿಗೊಂದನ್ನು ಬಿಗಿದ.

ಡ್ರೋನಿನಲ್ಲಿ ದಾರ ಕಳಿಸುವುದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ದಾರ ರೆಕ್ಕೆಗೆ ಸುತ್ತಿಕೊಂಡರೆ ಅಲ್ಲಿಗೆ ಮುಗಿಯಿತು. ವಸ್ತ್ರದ ಪಟ್ಟಿಯನ್ನು ಅದರ ಹೊಟ್ಟೆಯ ನಡುಮಧ್ಯಕ್ಕೆ ಕಟ್ಟಿ, ಗಾಳಿಗೆ ಮೇಲೇಳದಂತೆ ತುದಿಗೆ ಒಂದು ಕಬ್ಬಿಣದ ನಟ್ಟು ಬಿಗಿದು, ಅದರ ಕೆಳಗೆ ದಾರ ಕಟ್ಟಿದೆ. ರೆಕ್ಕೆಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ ನೋಡಿದೆ. ಮನೆಗೆ ಮರಳುವ ಗುಣವನ್ನು ಆಫ್ ಮಾಡಿದೆ. ಮಾಡಿದ್ದೇನೆಯೇ ಎಂದು ಮತ್ತೊಮ್ಮೆ ನೋಡಿದೆ. ಒಲೆಯ ಬೂದಿ ಒಂದು ಚಿಟಿಕೆ ಗಾಳಿಗೆ ತೂರಿದೆ. ಬೂದಿ ಜೊಂಡಿನ ಕಡೆಗೇ ಹೋಯಿತು. ಹೋಗುವಾಗ ಬೆನ್ನಿಗೆ ಗಾಳಿ, ನಿಲ್ಲುವಾಗ ತೊಂದರೆ. ಆಗಲಿ. ತಾರಸಿಯ ಮೇಲಿದ್ದ ಹಪ್ಪಳದ ಚಾಪೆ ಎತ್ತಿಸಿದೆ, ಅತ್ತೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಲು ಹೇಳಿದೆ, ಇಬ್ಬರನ್ನೂ ನನ್ನ ಬೆನ್ನ ಹಿಂದೆ ನಿಲ್ಲಿಸಿದೆ.

ಆ ಹೊತ್ತಿಗೆ ಬೀದಿಗೆ ಸುದ್ದಿ ಮುಟ್ಟಿತ್ತು. ಕೊಟ್ರಪ್ಪ ಹತ್ತಾರು ಜನರೊಂದಿಗೆ ನಮ್ಮ ಬಾಗಿಲಿಗೆ ಬಂದು ನಿಂತು ಮೇಲೆ ನೋಡಿದರು.

“ಏನಮ್ಮ ಇಂದುಮತಿ, ಬೀದಿ ಬಿಚ್ಚಿದ ಹಗ್ಗನ ನೀನು ಕಟ್ತೀಯಂತೆ?”

“ಕಟ್ತೀನಿ. ಹೆರಿಗೆ ಆಗ್ಲಿ, ಆಮೇಲೆ ಬೀದಿ ನ್ಯಾಯ ಮಾತಾಡಣ.”

“ಆ ದಾರ ಜೊಂಡು ದಾಟಿದ್ರೆ ನಿಮ್ಮ ಮನೆ ಹಗ್ಗ ನಾವು ಬಿಚ್ತೀವಿ. ಎರಡೂ ಕಡೆದು. ಆಮೇಲೆ ನನ್ನ ಕೇಳಬೇಡ” ಎಂದರು ಕೊಟ್ರಪ್ಪ. ನನ್ನ ಗಂಡನ ಕಡೆಗೆ ತಿರುಗಿ ಸ್ವಲ್ಪ ಮೆತ್ತಗೆ, “ರೇವಣ್ಣ, ನೀನಾದ್ರೂ ಹೇಳಪ್ಪ ಅವಳಿಗೆ” ಎಂದರು.

ರೇವಣ್ಣ ದಾರದ ಉಂಡೆ ಹಿಡಿದುಕೊಂಡು ನಿಂತಿದ್ದ. “ದಾರ ಸಿಕ್ಕಾಗ್ದಂಗೆ ಬಿಡಬೇಕು ಗೌಡ್ರೇ. ಮಾತಾಡ್ಸಬೇಡಿ ನನ್ನ” ಎಂದ. ಅಷ್ಟು ದೊಡ್ಡ ಮಾತನ್ನು ಅವನ ಬಾಯಿಂದ ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ.

ನಾನು ಡ್ರೋನನ್ನು ಮೇಲಕ್ಕೆ ಬಿಟ್ಟೆ. ತಲೆಯೆತ್ತರಕ್ಕೆ ಎಬ್ಬಿಸಿ ಅಲ್ಲೇ ನಿಲ್ಲಿಸಿ ಸದ್ದು ಕೇಳಿದೆ. ಸದ್ದು ಸಮವಾಗಿತ್ತು, ಪಟ್ಟಿ ನೇರವಾಗಿ ಜೋತಾಡುತ್ತಿತ್ತು. ಆಮೇಲೆ ಮನೆಯೆತ್ತರ, ಮರದೆತ್ತರ. ಆಮೇಲೆ ಜೊಂಡಿನ ಮೇಲೆ ಬಿಟ್ಟೆ. ದಾರ ಉಂಡೆಯಿಂದ ಸರಸರನೆ ಬಿಚ್ಚಿಕೊಂಡು ಹೋಗುತ್ತಿತ್ತು. ನನ್ನ ಕಣ್ಣು ಕೈಯಲ್ಲಿದ್ದ ಪರದೆ ಬಿಟ್ಟು ಕದಲಲಿಲ್ಲ. ಹಸಿರು ಜೊಂಡು, ಮತ್ತೆ ಜೊಂಡು, ಕಪ್ಪು ನೀರು, ದಿಬ್ಬದ ಕೆಂಪು ಮಣ್ಣು, ಹೆಂಚು, ಬಿಳಿ ಬಟ್ಟೆ.

ಅಂಬಕ್ಕನ ಅಂಗಳದ ಮೇಲೆ ನಿಲ್ಲಿಸಿದೆ. ನಿಲ್ಲಿಸುವುದೇ ಕಷ್ಟವಾಯಿತು, ಗಾಳಿ ತಳ್ಳುತ್ತಿತ್ತು, ದಾರದ ಭಾರ ಹಿಂದಕ್ಕೆ ಜಗ್ಗುತ್ತಿತ್ತು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ. ಬಾಗಿಲು ತೆರೆಯಿತು. ಅಂಬಕ್ಕ ಹೊರಗೆ ಬಂದಳು, ಕೈಯಲ್ಲಿ ಪೊರಕೆ. ನನಗೆ ಬೈಯುತ್ತಿದ್ದಾಳೆಂದು ಬಾಯಿ ನೋಡಿದರೇ ತಿಳಿಯುತ್ತಿತ್ತು. ಸದ್ದು ಕೇಳುವ ಯಂತ್ರವಲ್ಲ ಸದ್ಯ. ಪೊರಕೆ ಬೀಸಿದಳು. ನಾನು ಒಂದಾಳೆತ್ತರ ಮೇಲಕ್ಕೆ ಎತ್ತಿ ಮತ್ತೆ ಅಲ್ಲೇ ನಿಲ್ಲಿಸಿದೆ. ಓಡಿಹೋಗುವುದಿಲ್ಲ ಎಂದು ಅವಳಿಗೆ ತಿಳಿಯಬೇಕಿತ್ತು. ಅವಳು ಮತ್ತೆ ತಲೆಯೆತ್ತಿದಳು, ಬಿಸಿಲಿಗೆ ಕೈ ಅಡ್ಡ ಹಿಡಿದು ಪಟ್ಟಿಯನ್ನು ನೋಡಿದಳು. ಪೊರಕೆ ಕೆಳಗೆ ಬಿತ್ತು. ಅಂಬಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಅತ್ತೆ, ಗುರುತು ಹಿಡಿದ್ಲು” ಎಂದೆ.

ಅವಳು ಎದ್ದು ಒಳಗೆ ಓಡಿದಳು, ಮಗಳು ಕೂಗಿರಬೇಕು. ಒಳಗಿನಿಂದ ಚೆಲುವರಾಜ ಬಂದ. ಅಂಗಳದ ನಡುವೆ ನಿಂತು ಮೇಲೆ ನೋಡಿದ. ಅವನಿಗೆ ಡ್ರೋನ್ ಹಿಡಿಯುವುದು ಹೇಗೆ ಎಂದು ಯಾರು ಹೇಳಬೇಕು? ಪಕ್ಕದಿಂದ ಕೈ ಹಾಕಿದರೆ ಬೆರಳು ಹೋಗುತ್ತದೆ. ಅಂಗಳಕ್ಕೆ ಇಳಿಸೋಣವೆಂದರೆ ಇಳಿಜಾರು, ಕೋಳಿಗಳು, ದಾರ ಸಿಕ್ಕಿಕೊಳ್ಳಲು ಬೇಲಿ. ನಾನು ಅದನ್ನು ಅವನ ಮುಖದ ಮಟ್ಟಕ್ಕೆ, ಮಾರುದೂರದಲ್ಲಿ ತಂದು ನಿಲ್ಲಿಸಿದೆ. ಅವನು ಕೈ ಚಾಚಿದ. ಪಕ್ಕದಿಂದಲೇ. ಹಿಂದಕ್ಕೆ ಸರಿಸಿದೆ. ಮತ್ತೆ ಚಾಚಿದ, ಮತ್ತೆ ಸರಿಸಿದೆ, ತಲೆಯ ಮೇಲಕ್ಕೆ ಎತ್ತಿ ಸ್ವಲ್ಪ ಇಳಿಸಿದೆ, ಎತ್ತಿದೆ, ಇಳಿಸಿದೆ. ಹುಡುಗ ಯೋಚಿಸಿದ. ಆಮೇಲೆ ಅಂಗೈ ಬಿಡಿಸಿ, ಪ್ರಸಾದ ಹಿಡಿಯುವವನಂತೆ, ತಲೆಗಿಂತ ಮೇಲಕ್ಕೆ ಎತ್ತಿ ಹಿಡಿದ. ಭೇಷ್ ಎಂದುಕೊಂಡೆ.

ಅದೇ ಹೊತ್ತಿಗೆ ನನ್ನ ಕಾಲ ಕೆಳಗೆ ತಾರಸಿ ಅಲುಗಿತು.

“ಬಿಚ್ಚಿದ್ರು ಕಣೇ” ಎಂದ ರೇವಣ್ಣ. “ಎರಡೂ ಕಡೆ.”

“ನೋಡಬೇಡ. ದಾರ ಬಿಡ್ತಾ ಇರು.”

ಮನೆ ಹೊರಡುವಾಗ ಮೊದಲು ಒಂದು ಸುತ್ತು ಮೈಮುರಿಯುತ್ತದೆ. ಪರದೆಯಲ್ಲಿ ಚಿತ್ರ ನಿಂತಿತ್ತು, ನಿಂತಿದ್ದ ನಾನು ತೂರಾಡುತ್ತಿದ್ದೆ. ಅತ್ತೆ ಹಿಂದಿನಿಂದ ನನ್ನ ಸೊಂಟವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದರು. ಎಷ್ಟೋ ಮಕ್ಕಳನ್ನು ಹಿಡಿದ ಕೈ. ನಾನು ಗಟ್ಟಿಯಾಗಿ ನಿಂತೆ. ಡ್ರೋನಿನ ಬ್ಯಾಟರಿ ಕೆಂಪು ತೋರಿಸುತ್ತಿತ್ತು. ಇಂಚಿಂಚಾಗಿ ಇಳಿಸಿದೆ. ಪಟ್ಟಿ ಮೊದಲು ಅವನ ಮಣಿಕಟ್ಟಿಗೆ ತಾಗಿತು, ಅವನು ಬೆದರಲಿಲ್ಲ. ಹೊಟ್ಟೆ ಅಂಗೈ ಮೇಲೆ ಕೂತಿತು. ರೆಕ್ಕೆ ನಿಲ್ಲಿಸಿದೆ.

ಅವನು ಬುದ್ಧಿವಂತ. ಡ್ರೋನನ್ನು ಕಟ್ಟೆಯ ಮೇಲೆ, ಕ್ಯಾಮೆರಾ ತನ್ನ ಕಡೆಗೇ ಬರುವಂತೆ ಇಟ್ಟು, ಪಟ್ಟಿ ಬಿಚ್ಚಿ ದಾರ ಎಳೆಯತೊಡಗಿದ. ದಾರ ಹೋಯಿತು, ಹುರಿ ಹೋಯಿತು. ಹಗ್ಗ ಅವನ ಕೈಗೆ ಬಂತು. ಇತ್ತ ರೇವಣ್ಣ ಕೆಳಗಿಳಿದು ಹಗ್ಗದ ನಮ್ಮ ತುದಿಯನ್ನು ಹಿತ್ತಿಲ ಕಂಬಕ್ಕೆ ಸುತ್ತಿ ಗಂಟು ಹಾಕಿದ. ಹಿಂದೆ ಅವನೇ ಬಿಚ್ಚಿದ್ದ ಕಂಬ. ಯಾರೂ ಹೇಳಲಿಲ್ಲ, ಅವನು ಯಾರ ಮುಖವನ್ನೂ ನೋಡಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ.

ಪರದೆಯಲ್ಲಿ ಚೆಲುವರಾಜ ಹಗ್ಗ ಹಿಡಿದು ತನ್ನ ಮನೆಯ ಕಂಬದ ಬಳಿ ಹೋದ. ಗಂಟು ಹಾಕಲು ಕೈ ಎತ್ತಿದ. ನಿಂತ. ಬಾಗಿಲ ಕಡೆ ನೋಡಿದ. ಅಂಬಕ್ಕ ಒಳಗಿದ್ದಳು, ಹೊರಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಅವನ ಗಂಟು ನಿಲ್ಲುವುದಿಲ್ಲ ಎಂದು ಇಡೀ ಬೀದಿ ಅವನಿಗೆ ಹೇಳಿತ್ತಲ್ಲ. ಅವನು ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿ, ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಊರಿ ನಿಂತುಬಿಟ್ಟ. “ಕಟ್ಟಪ್ಪ, ಕಟ್ಟು” ಎಂದೆ ನಾನು, ಅವನಿಗೆ ಕೇಳಿಸುತ್ತದೇನೋ ಎನ್ನುವ ಹಾಗೆ. ಪರದೆ ಕಪ್ಪಾಯಿತು. ಬ್ಯಾಟರಿ ಮುಗಿದಿತ್ತು.

ಕೆಳಗೆ ಬೀದಿಯಲ್ಲಿ ಗದ್ದಲ ನಿಂತಿತ್ತು. ನಮ್ಮ ಮನೆಗೆ ಈಗ ಒಂದೇ ಹಗ್ಗ, ಅಂಬಕ್ಕನ ಮನೆಗೂ ಅದೊಂದೇ. ಬೀದಿಯವರು ನಮ್ಮ ಹಗ್ಗ ಬಿಚ್ಚದಿದ್ದರೆ ಅವಳ ಮನೆ ಬರುವುದನ್ನು ಸಂಜೆಯವರೆಗೆ ಕಾಯಬೇಕಾಗಿತ್ತು. ಈಗ ನಾವೇ ಎದುರುಗೊಳ್ಳಲು ಹೊರಟಿದ್ದೆವು. ನಮ್ಮನ್ನು ಶಿಕ್ಷಿಸಲು ಬಿಚ್ಚಿದವರು ಸೂಲಗಿತ್ತಿಯನ್ನು ಮನೆ ಸಮೇತ ಕಳಿಸಿಕೊಟ್ಟಿದ್ದರು. ಕೊಟ್ರಪ್ಪನವರಿಗೆ ಅದು ಹೊಳೆದದ್ದು ನಮ್ಮ ಹೊಸ್ತಿಲು ಬೀದಿಯ ಕಲ್ಲು ದಾಟಿ ಜೌಗಿಗೆ ಇಳಿದ ಮೇಲೆ. “ಪುಟ್ಟತಾಯವ್ವ, ನೀವು ಇಳೀರಿ, ನೀವು ಇಳೀರಿ” ಎಂದು ಪಕ್ಕದಲ್ಲೇ ನಡೆದು ಬಂದರು. ಅತ್ತೆ ಉಳಿದ ವಸ್ತ್ರವನ್ನು ತಲೆಗೆ ಕಟ್ಟಿಕೊಳ್ಳುತ್ತಿದ್ದರು. “ನಿನ್ನ ಹೆತ್ತಾಗ್ಲೂ ನಿಮ್ಮವ್ವ ಹಿಂಗೇ ಕೂಗ್ತಿದ್ಲು ಕೊಟ್ರ. ಕಾಲು ಹೂತ್ಕೊಂಡಾತು, ಮನೆಗೆ ಹೋಗು” ಎಂದರು. ಕೊಟ್ರಪ್ಪ ಮೊಣಕಾಲು ಮುಳುಗುವ ಕೆಸರಿನವರೆಗೂ ಬಂದು ನಿಂತರು.

ಎಮ್ಮೆ ಮೇಯುತ್ತ ಹೋಗುವ ವೇಗ ನಮ್ಮದು. ಜೊಂಡು ಕಿಟಕಿಗೆ ಬಡಿಯುತ್ತಿತ್ತು. ಹಗ್ಗ ಮುಂದೆ ನೀರಿನ ಮೇಲೆ ಬಿಗಿದು ನಿಂತಿತ್ತು; ಯಾವ ಗಳಿಗೆಯಲ್ಲಿ ಸಡಿಲಾಗುವುದೋ ಎಂದು ನಾನು ಅದರಿಂದ ಕಣ್ಣು ಕೀಳಲಿಲ್ಲ. ಆಚೆಯ ತುದಿ ಬಿಟ್ಟರೆ ನಾವೂ ಗಾಳಿಪಾಲು, ತುಂಗೆಯೂ ಗಾಳಿಪಾಲು. ಎರಡು ಮನೆಗಳ ಭಾರ ಒಬ್ಬ ಹುಡುಗನ ಮುಂಗೈಯಲ್ಲಿ. ರೇವಣ್ಣ ನೀರು ಕಾಯಿಸಲು ಒಲೆ ಹಚ್ಚಿದ. ಅತ್ತೆ ಕೈಗೆ ಹರಳೆಣ್ಣೆ ಹಚ್ಚಿ ತಿಕ್ಕಿಕೊಳ್ಳುತ್ತ ಕೂತರು. ಹಗ್ಗ ಸಡಿಲಾಗಲಿಲ್ಲ.

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಜೊಂಡಿನ ನಡುವೆ ಎರಡು ಮನೆಗಳೂ ಎದುರುಬದುರಾಗಿ, ನಮ್ಮ ಹಿತ್ತಿಲ ಗೋಡೆ ಅವರ ಅಂಗಳದ ಕಟ್ಟೆಗೆ ಮೆಲ್ಲನೆ ತಾಗಿತು. ಒಳಗೆ ತುಂಗೆ ನರಳುತ್ತಿದ್ದಳು, ದನಿಯಲ್ಲಿ ಶಕ್ತಿ ಇರಲಿಲ್ಲ. ಅತ್ತೆ ನನ್ನ ಹೆಗಲು ಹಿಡಿದು ಕಟ್ಟೆ ದಾಟಿದರು. ಹೋಗುತ್ತ ಚೆಲುವರಾಜನ ಮುಂದೆ ಒಂದು ಕ್ಷಣ ನಿಂತರು. ಅವನು ಇನ್ನೂ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಹಗ್ಗ ಸುತ್ತಿದ ಕಡೆ ಚರ್ಮ ಕಿತ್ತು ಮುಂಗೈ ರಕ್ತವಾಗಿತ್ತು.

“ಬಿಡು ಮಗ, ಬಂದ್ವಿ” ಎಂದು ಹೇಳಿ ಒಳಗೆ ಹೋದರು.

ಅವನು ಬಿಡಲಿಲ್ಲ. ಬೆರಳು ಮರಗಟ್ಟಿ ಬಿಡಲು ಬರುತ್ತಲೂ ಇರಲಿಲ್ಲ. “ಗಂಟು ನೀವೇ ಹಾಕಿ ಅಕ್ಕ” ಎಂದ ನನಗೆ. “ಬಿಟ್ರೆ ಮನೆ ಹೋಯ್ತದೆ. ನಾನು ಹಾಕಿದ್ರೆ ನಿಲ್ಲಲ್ಲ.”

ನಾನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ನಿಲ್ಲುತ್ತದೋ ಇಲ್ಲವೋ ನನಗೇನು ಗೊತ್ತು. ಆದರೆ ಕಟ್ಟಳೆ ಕಟ್ಟಳೆಯೇ. “ಈ ಕಡೆ ಗಂಟು ನಾನು ಹಾಕೋ ಹಂಗಿಲ್ಲಪ್ಪ. ಈ ಮನೆಯೋನೇ ಹಾಕ್ಬೇಕು” ಎಂದೆ. “ಹಿಡಿ. ಕಂಬ ಸುತ್ತಿಸು. ತುದಿನ ಒಳಗಿಂದ ತಗೋ. ಎಳಿ.”

ಅವನು ಸುತ್ತಿಸಿದ, ತೂರಿಸಿದ, ಎಳೆದ. ಒಡ್ಡೊಡ್ಡಾದ ಗಂಟು, ಮೇಲೆಲ್ಲ ರಕ್ತದ ಕಲೆ. ಇಬ್ಬರೂ ಕೈ ತೆಗೆದೆವು. ಒಳಗೆ ಅತ್ತೆಯ ದನಿ ಕೇಳುತ್ತಿತ್ತು: “ಇನ್ನೊಂದ್ ಸಲ, ಇನ್ನೊಂದೇ ಸಲ ಕಣಮ್ಮ.” ನಾವು ಗಂಟನ್ನೇ ನೋಡುತ್ತ ಕೂತೆವು. ಮನೆ ಒಮ್ಮೆ ಜಗ್ಗಿತು. ಹಗ್ಗ ಬಿಗಿಯಾಯಿತು. ಒಳಗಿನಿಂದ ಮಗುವಿನ ಅಳು ಬಂದರೂ ಅವನು ತಲೆಯೆತ್ತಲಿಲ್ಲ.

“ಜಾರ್ಲಿಲ್ಲ ಅಕ್ಕ” ಎಂದ.

“ಜಾರಲ್ಲ. ಒಳಗೆ ಹೋಗಿ ಮಗು ನೋಡು” ಎಂದೆ.